ಮುನಿದ ದೇವತೆಗೆ ಮಡಿಲಕ್ಕಿ

ಎರಡು ವರ್ಷಗಳಿಗೊಮ್ಮೆ ಶಿವಮೊಗ್ಗದಲ್ಲಿ ಕೋಟೆ ಮಾರಿಕಾಂಬೆಯ ಜಾತ್ರೆ ನೆರೆದಾಗ, ದೇವಿಯು ಮೊದಲು ಬಂದು ಕುಳಿತುಕೊಳ್ಳುವುದು ತನ್ನ ಗುಡಿಯಲ್ಲಲ್ಲ, ಗಾಂಧಿ ಬಜಾರಿನ ತವರುಮನೆಯಲ್ಲಿ. ಹೆಂಗಸರು ನಸುಕಿನಿಂದಲೇ ಸಾಲುಗಟ್ಟಿ ನಿಂತು, ದೂರದೂರಿಗೆ ಕೊಟ್ಟ ಮಗಳು ಬಂದಳೆಂಬಂತೆ ಮಡಿಲು ತುಂಬಿ ಸತ್ಕರಿಸಿದ ಬಳಿಕ, ಆಕೆ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ತೆರಳಿ, ಜಾತ್ರೆಯ ಕೊನೆಗೆ ವನಪ್ರವೇಶ ಮಾಡುವಳು. ಸಿಡುಬು ಕಾಲರಾಗಳ ಕಾಲದಲ್ಲಿ ಯಾರ ಹೆಸರಿಗೆ ಊರಿಗೆ ಊರೇ ನಡುಗುತ್ತಿದ್ದಿತೋ ಅವಳನ್ನೇ ಮನೆಮಗಳೆಂದು ಕರೆದು ಆದರಿಸುವ ಈ ಪದ್ಧತಿಯ ಮರ್ಮವನ್ನು ಚಿಂತಿಸಿದಾಗಲೆಲ್ಲ, ನನ್ನ ಮನಸ್ಸು ಪೂರ್ವಸಮುದ್ರವನ್ನು ದಾಟಿ ಜಪಾನಿನತ್ತ ಹರಿಯುವುದು.

ಜಪಾನೀಯರು ತಮ್ಮ ದೇವತೆಗಳನ್ನು ‘ಕಮಿ’ ಎನ್ನುವರು. 712ರಲ್ಲಿ ಸಂಕಲಿತವಾದ ‘ಕೊಜಿಕಿ’ ಎಂಬ ಪುರಾಣಗ್ರಂಥದಲ್ಲಿ ಸೂರ್ಯದೇವತೆಯಾದ ಅಮತೆರಾಸುವೂ ಕಮಿಯೇ, ಅವಳು ರೋಸಿಹೋಗಿ ಗುಹೆಯೊಳಗೆ ಅಡಗಿ ಜಗತ್ತಿಗೆ ಕತ್ತಲೆ ಕವಿಯುವಂತೆ ದಾಂಧಲೆಯೆಬ್ಬಿಸಿದ ತಮ್ಮ ಸುಸಾನೊಒ ಕೂಡ ಕಮಿಯೇ. 18ನೆಯ ಶತಮಾನದ ವಿದ್ವಾಂಸ ಮೊತೊಓರಿ ನೊರಿನಾಗನು, ಮನುಷ್ಯನಿರಲಿ, ಮೃಗಪಕ್ಷಿ ವೃಕ್ಷ ಪರ್ವತ ಸಮುದ್ರಗಳಿರಲಿ, ಅಸಾಧಾರಣವಾದ ಶಕ್ತಿಯಿಂದ ಭಯವಿಸ್ಮಯಗಳನ್ನು ಹುಟ್ಟಿಸುವುದೆಲ್ಲವೂ ಕಮಿ, ಅದರಲ್ಲಿ ಒಳ್ಳೆಯದರೊಡನೆ ಕೆಟ್ಟದ್ದೂ ಸೇರಿದೆ ಎಂದು ವಿವರಿಸಿರುವನು. ಒಂದೇ ಕಮಿಗೆ ‘ಅರಾಮಿತಾಮ’ವೆಂಬ ಉಗ್ರಾಂಶವೂ ‘ನಿಗಿಮಿತಾಮ’ವೆಂಬ ಸೌಮ್ಯಾಂಶವೂ ಉಂಟೆಂದು ಅವರ ನಂಬುಗೆ. ಒಲಿದರೆ ನಾರಿ, ಮುನಿದರೆ ಮಾರಿ ಎಂಬ ಗಾದೆಯನ್ನಾಡುವ ನಮಗೆ ಇದಕ್ಕೆ ಭಾಷ್ಯ ಬೇಕಿಲ್ಲ. ಭದ್ರಾವತಿಯ 13ನೆಯ ಶತಮಾನದ ಹೊಯ್ಸಳ ದೇವಾಲಯದಲ್ಲಿ ಪೂಜೆಗೊಳ್ಳುವ ಸ್ವಾಮಿಯೂ ಹಿರಣ್ಯಕಶಿಪುವನ್ನು ಸೀಳಿದ ಉಗ್ರಮೂರ್ತಿಯೇ ಆಗಿದ್ದು, ಲಕ್ಷ್ಮಿಯ ಸಾನ್ನಿಧ್ಯದಿಂದ ಶಾಂತನಾದವನಲ್ಲವೆ?

ಕ್ರಿ.ಶ. 869ರಲ್ಲಿ ಕ್ಯೋಟೊ ನಗರವನ್ನು ಸಾಂಕ್ರಾಮಿಕ ರೋಗವು ಆವರಿಸಿದಾಗ, ಅಲ್ಲಿನವರು ದೇಶದ ಪ್ರಾಂತಗಳ ಲೆಕ್ಕಕ್ಕೆ 66 ಭರ್ಜಿಗಳನ್ನು ನೆಟ್ಟು ಕುಪಿತ ಶಕ್ತಿಗಳನ್ನು ಸಂತೈಸಿದರು. ಅದೇ ಇಂದಿನ ಗಿಯೋನ್ ಉತ್ಸವದ ಮೂಲ. ಈಗಲೂ ಜುಲೈ 17ರ ಸಂಜೆ ಯಾಸಕ ಗುಡಿಯ ದೇವತೆಗಳು ‘ಮಿಕೋಶಿ’ ಎಂಬ ಪಲ್ಲಕ್ಕಿಗಳನ್ನೇರಿ ಪೇಟೆಯ ನಡುವಣ ‘ಒತಾಬಿಶೊ’ ಎಂಬ ತಂಗುಮನೆಗೆ ಬಂದು, ವಾರವೊಂದನ್ನು ಅಲ್ಲಿ ಕಳೆದು, 24ರಂದು ಹಿಂದಿರುಗುವರು. ನಮ್ಮ ಸರಸ್ವತಿಯು ಬೌದ್ಧಧರ್ಮದ ಜೊತೆಯಲ್ಲಿ ಚೀನದ ಮಾರ್ಗವಾಗಿ ಜಪಾನನ್ನು ಸೇರಿ ಬೆಂಜೈತೆನ್ ಆದಳು, ಯಮನು ಎಮ್ಮಾ ಆದನು; ಆದರೆ ಮಾರಿಯು ಹಾಗೆ ಕಡಲು ದಾಟಿದವಳಲ್ಲ. ಒಂದನ್ನೊಂದು ಕಂಡರಿಯದ ಎರಡು ಊರುಗಳು, ಓಡಿಸಲಾರದ ಭಯವನ್ನು ಅತಿಥಿಯನ್ನಾಗಿ ಮಾಡಿಕೊಳ್ಳುವ ಉಪಾಯವನ್ನು ತಮ್ಮತಮ್ಮಷ್ಟಕ್ಕೆ ಕಂಡುಕೊಂಡವು.

ನೀರಿನೊಡನೆಯೂ ಇದೇ ವ್ಯವಹಾರ. ಮುಂಗಾರಿನಲ್ಲಿ ತುಂಗೆಯು ಉಕ್ಕಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವು ಮುಳುಗಿತೆಂಬ ಸುದ್ದಿ ಹಬ್ಬಿದೊಡನೆ ಶಿವಮೊಗ್ಗದ ಜನ ದಡದಲ್ಲಿ ನೆರೆಯುವರು. ಗದ್ದೆಗೆ ನೀರುಣಿಸುವ ಹೊಳೆಯೇ ಮನೆಯನ್ನೂ ನುಂಗಬಲ್ಲುದೆಂದು ಬಲ್ಲವರಾದ್ದರಿಂದ ಬೈಯದೆ ಬಾಗಿನವನ್ನು ಅರ್ಪಿಸುವರು. ಜಪಾನಿನ ಹೊಳೆಗಳಲ್ಲಿ ‘ಕಪ್ಪ’ ಎಂಬ ಜಲಪ್ರಾಣಿಯುಂಟಂತೆ. ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯ ಕುಳಿಯಲ್ಲಿ ನೀರು. ಮಕ್ಕಳನ್ನೂ ಕುದುರೆಗಳನ್ನೂ ಮಡುವಿಗೆಳೆಯುವ ಈ ದುಷ್ಟನು ಮರ್ಯಾದೆಯಲ್ಲಿ ಮಾತ್ರ ಬಲು ನಿಷ್ಠ. ನೀವು ಬಾಗಿ ವಂದಿಸಿದರೆ ತಾನೂ ಬಾಗುವನು, ಬಾಗಿದೊಡನೆ ನೆತ್ತಿಯ ನೀರು ಚೆಲ್ಲಿ ಶಕ್ತಿಗುಂದುವನು. ಅವನಿಗೆ ಪ್ರಿಯವಾದ ಸೌತೆಕಾಯಿಯನ್ನು ಹೊಳೆಗೆ ಬಿಡುವ ವಾಡಿಕೆಯೂ ಉಂಟು.

ಬೆಂಕಿಯ ಕತೆಗೆ ಭದ್ರಾವತಿಗೇ ಹೋಗಬೇಕು. ಬೆಂಕಿಪುರವೆಂದು ಹಿಂದೆ ಹೆಸರಾಗಿದ್ದ ಈ ಊರಿನಲ್ಲಿ, ಮೈಸೂರು ಸಂಸ್ಥಾನವು 1918ರಲ್ಲಿ ಕೈಗೊಂಡ ಕಬ್ಬಿಣದ ಕಾರ್ಖಾನೆಯು 1923ರಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಿಲಿನಿಂದ ಕರಗಿಸತೊಡಗಿತು. ಜಪಾನಿನ ಇಝುಮೊ ಸೀಮೆಯಲ್ಲಿಯೂ ಇದ್ದಿಲು ಸುರಿದು ಮೂರು ಹಗಲು ಮೂರು ರಾತ್ರಿ ಕಬ್ಬಿಣದ ಮರಳನ್ನು ಬೇಯಿಸುವ ‘ತತಾರ’ ಎಂಬ ಮಣ್ಣಿನ ಕುಲುಮೆಗಳಿದ್ದವು. ಅವುಗಳ ಅಧಿದೇವತೆ ಕನಯಾಗೊ, ಬೆಳ್ಳಕ್ಕಿಯನ್ನೇರಿ ಬಂದು ಕತ್ಸುರಾ ಮರದ ಮೇಲಿಳಿದು ಜನರಿಗೆ ಲೋಹವಿದ್ಯೆಯನ್ನು ಕಲಿಸಿದಳೆಂದು ಐತಿಹ್ಯ. ನೂರು ವರ್ಷ ಬಾಳಿದ ಪಾತ್ರೆಪಡಗ ಸಲಕರಣೆಗಳು ಜೀವ ತಳೆದು, ತಮ್ಮನ್ನು ತಿಪ್ಪೆಗೆಸೆದ ಯಜಮಾನನನ್ನು ಕಾಡುವುವೆಂಬ ‘ತ್ಸುಕುಮೊಗಾಮಿ’ಯ ಕತೆಗಳೂ ಅಲ್ಲಿವೆ. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿಯುವ ನಮ್ಮ ಕಾರ್ಮಿಕನಿಗೆ ಅವು ವಿಚಿತ್ರವೆನಿಸಲಾರವು.

ಆದರೂ ಒಂದು ಭೇದವುಂಟು. ಕ್ಯೋಟೊದ ದೇವತೆಗಳು ವಾರ ಕಳೆದ ಮೇಲೆ ಊರೊಳಗಿನ ತಮ್ಮ ಗುಡಿಗೇ ಮರಳುವರು. ನಮ್ಮ ಮಾರಿಯು ಊರನ್ನೇ ಬಿಟ್ಟು ಕಾಡಿಗೆ ಹೋಗುವಳು. ಅವಳು ಹೋಗಲೆಂಬುದೇ ಊರಿನ ಒಳಮನಸ್ಸು. ಅದಕ್ಕಾಗಿಯೇ ಅಲ್ಲವೆ ಇಷ್ಟೆಲ್ಲ ಸಂಭ್ರಮ? ಆದರೆ ತವರಿಗೆ ಬಂದು ಹೊರಟ ಮಗಳಿಗೆ ‘ಹೋಗು’ ಎನ್ನುವ ವಾಡಿಕೆ ಕನ್ನಡನಾಡಿನಲ್ಲಿಲ್ಲ. ‘ಹೋಗಿ ಬಾ’ ಎಂದೇ ಹೇಳಬೇಕು. ಹೇಳಿದ ಮೇಲೆ ಎರಡು ವರ್ಷ ಕಳೆಯುತ್ತಲೇ ಮಡಿಲಕ್ಕಿಯನ್ನು ಮತ್ತೆ ಅಳೆದಿಡಬೇಕು.