ಹಠಾತ್ತನೆ ನಿಲ್ಲುವ ತಂತ್ರಾಂಶ ಕಂಟೇನರ್‌ಗಳು: ಕಾರಣವನ್ನು ಪತ್ತೆಹಚ್ಚುವ ಕ್ರಮ

ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋದಿಂದ ಚೆನ್ನೈ ಬಂದರಿಗೆ ಹೊರಡುವ ಸರಕು ರೈಲುಗಳು ಬಂಗಾರಪೇಟೆಯನ್ನು ಹಾದೇ ಹೋಗುತ್ತವೆ. ಆದುದರಿಂದ ಕಂಟೇನರ್ ಎಂದರೇನೆಂದು ಕೋರಮಂಡಲ್, ಬಂಗಾರಪೇಟೆ ಭಾಗದ ಸದಸ್ಯರಿಗೆ ವಿವರಿಸಬೇಕಾಗಿಲ್ಲ. 2013ರಲ್ಲಿ ಬಳಕೆಗೆ ಬಂದ ‘ಡಾಕರ್’ ಇದೇ ಕಲ್ಪನೆಯನ್ನು ಗಣಕಯಂತ್ರ ಲೋಕದಲ್ಲಿ ಜನಪ್ರಿಯಗೊಳಿಸಿತು. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಪೂರಕ ಕಡತಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ, ಬೇಕಾದ ಸರ್ವರಿನಲ್ಲಿ ಇಳಿಸಿ ನಡೆಸುವ ವ್ಯವಸ್ಥೆಯಿದು. ಬಿಲ್ಲಿಂಗ್, ದಾಸ್ತಾನು, ವೇತನಗಳ ತಂತ್ರಾಂಶಗಳು ಈಗ ಸಣ್ಣ ಘಟಕಗಳಿಗೂ ಈ ರೂಪದಲ್ಲಿ ಬರುತ್ತಿವೆ.

ಲಾರಿಗೆ ಸರಕು ತುಂಬಿಯಾದ ಮೇಲೆ ಬಿಲ್ಲಿಂಗ್ ಕಂಟೇನರ್ ನಿಂತುಬಿಟ್ಟರೆ ಬಿಲ್ಲು ಹೊರಡದು. 50,000 ರೂಪಾಯಿಗೆ ಮೀರಿದ ಸರಕಾದರೆ ಇ-ವೇ ಬಿಲ್ಲಿಲ್ಲದೆ ಲಾರಿಯೂ ಹೊರಡದು. ಈ ಗಡಿಬಿಡಿಯಲ್ಲಿ ದೂರವಾಣಿಯ ಆ ಕಡೆಯಿಂದ ಸಾಮಾನ್ಯವಾಗಿ ಕೇಳಿಬರುವ ಸಲಹೆ, ‘ಅದನ್ನು ಅಳಿಸಿ ಹೊಸದಾಗಿ ನಡೆಸಿ’ ಎಂಬುದು. ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಅಪಾಯಕರ ಸಲಹೆ ಇನ್ನೊಂದಿಲ್ಲ. ನಿಂತ ಕಂಟೇನರ್ ಸತ್ತಿದ್ದರೂ ಅಲ್ಲಿಯೇ ಇರುತ್ತದೆ. ಅಳಿಸಿದಾಗ ಅದರ ದಾಖಲೆಗಳೊಡನೆ, ಪ್ರತ್ಯೇಕ ‘ವಾಲ್ಯೂಮ್’ನಲ್ಲಿ ಇರಿಸದೆ ಒಳಗೇ ಬರೆದಿದ್ದ ಲೆಕ್ಕಪತ್ರಗಳೂ ಅಳಿಯುತ್ತವೆ.

ಮೊದಲು ‘ಡಾಕರ್ ಪಿಎಸ್ -ಎ’ ಆದೇಶ ನೀಡಬೇಕು. ನಿಂತ ಕಂಟೇನರಿನ ಎದುರು ಒಂದು ನಿರ್ಗಮನ ಸಂಖ್ಯೆ ಕಾಣುತ್ತದೆ. ಬಳಿಕ ‘ಡಾಕರ್ ಲಾಗ್ಸ್’ ಆದೇಶದಿಂದ ಅದು ಕೊನೆಯದಾಗಿ ಬರೆದ ಸಾಲುಗಳನ್ನು ಓದಬೇಕು. ಕಂಟೇನರಿನ ಆಯುಷ್ಯ ಅದರೊಳಗಿನ ಮುಖ್ಯ ಪ್ರಕ್ರಿಯೆಯ ಆಯುಷ್ಯದಷ್ಟೇ. ಆ ಪ್ರಕ್ರಿಯೆ ತನ್ನ ಕೆಲಸ ಮುಗಿಸಿದರೆ ಅಥವಾ ಹಿನ್ನೆಲೆಗೆ ಸರಿದರೆ ಕಂಟೇನರ್ 0 ಎಂಬ ಸಂಖ್ಯೆಯೊಡನೆ ನಿಲ್ಲುತ್ತದೆ. ಅದು ದೋಷವೇ ಅಲ್ಲ, ವಿನ್ಯಾಸದ ತಪ್ಪು. 1 ಬಂದರೆ ತಂತ್ರಾಂಶದೊಳಗಿನ ದೋಷವಿರಬಹುದು: ದತ್ತಸಂಚಯದ ತಪ್ಪು ಗುಪ್ತಪದ, ಅಥವಾ ದತ್ತಸಂಚಯವಿನ್ನೂ ಸಿದ್ಧವಾಗದಿರುವುದು. 127 ಎಂದರೆ ನಡೆಸಬೇಕಾದ ಆದೇಶವೇ ಸಿಕ್ಕಿಲ್ಲ.

ಹೆಚ್ಚು ತಲೆನೋವು ತರುವ ಸಂಖ್ಯೆ 137. ಲಿನಕ್ಸ್‌ನಲ್ಲಿ ಸಂಕೇತವೊಂದರಿಂದ ಪ್ರಕ್ರಿಯೆ ಕೊನೆಗೊಂಡರೆ ಆ ಸಂಕೇತದ ಸಂಖ್ಯೆಗೆ 128 ಕೂಡಿಸುತ್ತಾರೆ. 9ನೆಯದು ಬಲವಂತದ ಕೊಲೆ. ಸ್ಮೃತಿಯ ಮಿತಿ ಮೀರಿದಾಗ ಕರ್ನೆಲ್ ಹೀಗೆ ಮಾಡುತ್ತದೆ. ದಿನವಿಡೀ ಸರಿಯಾಗಿದ್ದು, ಗುಮಾಸ್ತರು ಇಡೀ ತಿಂಗಳ ವರದಿ ತೆಗೆಯುವಾಗಲೇ ನಿಲ್ಲುವ ಕಂಟೇನರಿಗೆ ಈ ರೋಗವಿರಬಹುದು. ‘ಡಾಕರ್ ಇನ್‌ಸ್ಪೆಕ್ಟ್’ ವಿವರದಲ್ಲಿ ‘ಓಓಎಂಕಿಲ್ಡ್’ ಎಂಬುದರ ಎದುರು ‘ಟ್ರೂ’ ಎಂದಿದ್ದರೆ ಸಂದೇಹ ದೃಢವಾಯಿತು. ‘ಫಾಲ್ಸ್’ ಎಂದಿದ್ದರೂ ತಕ್ಷಣ ನಿರಾಳರಾಗಬಾರದು. ಇಡೀ ಸರ್ವರಿನ ಸ್ಮೃತಿ ಬರಿದಾಗಿರಬಹುದು, ಅದಕ್ಕೆ ಕರ್ನೆಲ್ ದಾಖಲೆಯನ್ನು ನೋಡಬೇಕು. ಯಾರೋ ನಿಲ್ಲಿಸುವ ಆದೇಶ ಕೊಟ್ಟು, 10 ಸೆಕೆಂಡುಗಳಲ್ಲಿ ತಂತ್ರಾಂಶ ಓಗೊಡದಿದ್ದಾಗಲೂ 137 ಬರುತ್ತದೆ. ಓಗೊಟ್ಟು ನಿಂತರೆ ಸಾಮಾನ್ಯವಾಗಿ 143 ಅಥವಾ 0.

ಇನ್ನು ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಬಂದದ್ದು ಈ ಊರಿನ ಹೆಮ್ಮೆ; ಆದರೂ ಯುಪಿಎಸ್ ಕೈಕೊಟ್ಟ ರಾತ್ರಿ ಸರ್ವರ್ ಆರಿ ಹೊತ್ತಿಕೊಂಡಾಗ ಕಂಟೇನರ್ ತಾನಾಗಿ ಏಳುವುದಿಲ್ಲ. ಮರುಪ್ರಾರಂಭದ ನೀತಿ ಮೊದಲಿನಿಂದಲೂ ‘ನೋ’ ಎಂದೇ ಇರುತ್ತದೆ. ‘ಡಾಕರ್ ಅಪ್‌ಡೇಟ್’ ಮೂಲಕ ಅದನ್ನು ‘ಅನ್‌ಲೆಸ್ ಸ್ಟಾಪ್ಡ್’ ಎಂದು ಬದಲಾಯಿಸಬಹುದು, ಅಳಿಸುವ ಅಗತ್ಯವಿಲ್ಲ. ಆದರೆ ಕಾರಣ ತಿಳಿಯುವ ಮೊದಲೇ ಹೀಗೆ ಮಾಡಿದರೆ, ಕೆಟ್ಟ ಕಂಟೇನರ್ ಬಿದ್ದು ಎದ್ದು ಮಾಡುತ್ತಲೇ ಇರುತ್ತದೆ, ದಾಖಲೆಯ ಕಡತ ಉಬ್ಬುತ್ತದೆ. ಗಾತ್ರದ ಮಿತಿ ಹಾಕದಿದ್ದರೆ ಆ ಕಡತವೇ ಡಿಸ್ಕನ್ನು ತುಂಬಿಸಿ ಮಿಕ್ಕ ಕಂಟೇನರ್‌ಗಳನ್ನೂ ನಿಲ್ಲಿಸೀತು.

ವಾರ್ಷಿಕ ನಿರ್ವಹಣಾ ಕರಾರಿಗೆ ಸಹಿ ಹಾಕುವ ಮುನ್ನ ಸದಸ್ಯರು ಮೂರು ವಿವರಗಳನ್ನು ಲಿಖಿತವಾಗಿ ಪಡೆಯುವುದು ಉಚಿತ: ಲೆಕ್ಕಪತ್ರಗಳಿರುವ ವಾಲ್ಯೂಮ್ ಯಾವುದು, ಸ್ಮೃತಿಯ ಮಿತಿ ಎಷ್ಟು, ಮರುಪ್ರಾರಂಭದ ನೀತಿ ಏನು.