27 ಗೇರ್ ಇದ್ದರೆ ಘಾಟು ಸಲೀಸೇ? ಸೈಕಲ್ ಬಿಡಿಭಾಗ ತರಿಸುವ ಮುನ್ನ ಹಲ್ಲು ಎಣಿಸಿ

"ನಿಮ್ಮದು 21 ಗೇರ್ ಸೈಕಲ್ಲೇ? 9 ಸ್ಪೀಡ್ ಕ್ಯಾಸೆಟ್, 9 ಸ್ಪೀಡ್ ಡಿರೇಲರ್ ಹಾಕಿಸಿ 27 ಗೇರ್ ಮಾಡಿಕೊಳ್ಳಿ. ಯಾವ ಘಾಟನ್ನಾದರೂ ಸಲೀಸಾಗಿ ಹತ್ತಬಹುದು. ಒಂದೇ ಕಂಪನಿಯ ಸಾಮಾನು ತಗೊಂಡರೆ ಎಲ್ಲವೂ ಎಲ್ಲದಕ್ಕೂ ಕೂಡುತ್ತದೆ. ಸೈಕಲ್ ಪ್ರಿಯರಿಗೆ ಶೇರ್ ಮಾಡಿ."

ಈ ಫಾರ್ವರ್ಡ್ ನನಗೆ ಬಂದದ್ದು ಕಲ್ಲೋಳಿಯಲ್ಲಿರುವ ಚಿಕ್ಕಪ್ಪನ ಮಗನಿಂದ. ಬೆನ್ನಿಗೇ ಅವನ ವಾಯ್ಸ್ ಮೆಸೇಜ್: "ಅಕ್ಕಾ, ಇದು ಸುಳ್ಳ ಐತೇನು? ನಾ ಆಗ್ಲೇ ಸಾಮಾನ ತರಿಸೀನಿ. ಗಾಲಿಗೆ ಕೂಡವಲ್ದು."

ಅವನು ಡಿಗ್ರಿ ಓದುತ್ತಿದ್ದಾನೆ. ಗೋಕಾಕ, ಬೆಳಗಾವಿ, ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟ್ ಇಳಿದು ಗೋವಾ ಮುಟ್ಟಬೇಕು, ಅದೇ ದಾರಿಯಲ್ಲಿ ವಾಪಸ್ ಬರಬೇಕು ಎಂಬುದು ಅವನ ಮತ್ತು ಗೆಳೆಯನ ಯೋಜನೆ. ರಜೆಯಲ್ಲಿ ದುಡಿದು ಕೂಡಿಸಿದ್ದ ಹಣದಲ್ಲಿ ಅರ್ಧಕ್ಕೂ ಹೆಚ್ಚು ಈ ಎರಡು ಸಾಮಾನಿಗೆ ಹೋಗಿತ್ತು. ಪ್ಯಾಕೆಟ್ ಒಡೆದಿದ್ದರಿಂದ ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಉಳಿದ ದುಡ್ಡಿನಲ್ಲಿ ಏನು ಸಾಧ್ಯ ಎಂದು ನೋಡಲು ಹೊರಟಾಗ ಈ ಫಾರ್ವರ್ಡ್‌ನ ಒಂದೊಂದೇ ಮಾತನ್ನು ಒರೆಗೆ ಹಚ್ಚಬೇಕಾಯಿತು.

ಗೇರ್ ಎಷ್ಟಿವೆ ಎಂಬುದಲ್ಲ, ಕೊನೆಯ ಗೇರ್ ಎಷ್ಟು ಹಗುರ ಎಂಬುದು

ಗೇರ್ ನಮಗೆ ಶಕ್ತಿ ಕೊಡುವುದಿಲ್ಲ. ಗುಡ್ಡದ ತುದಿಗೆ ನಮ್ಮನ್ನೂ ಸೈಕಲ್ಲನ್ನೂ ಚೀಲಗಳನ್ನೂ ಎತ್ತುವ ಕೆಲಸ ಯಾವ ಗೇರಿನಲ್ಲಾದರೂ ಅಷ್ಟೇ. ಗೇರ್ ಮಾಡುವುದು ಆ ಕೆಲಸವನ್ನು ಸಣ್ಣ ಸಣ್ಣ ತುತ್ತುಗಳಾಗಿ ಒಡೆಯುವುದನ್ನು.

ತುತ್ತು ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಭಾಗಾಕಾರ ಸಾಕು. ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬುದು ಸಿಗುತ್ತದೆ.

ನಮ್ಮ ಕಡೆಯ ಕರಿ ಸೈಕಲ್ಲನ್ನು ತೆಗೆದುಕೊಳ್ಳಿ. ಮುಂದೆ 44, ಹಿಂದೆ 18 ಹಲ್ಲು, ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್ ಇದ್ದರೆ ಒಂದು ಸುತ್ತಿಗೆ 5.4 ಮೀಟರ್. ಸಪಾಟು ರಸ್ತೆಗೆ ಒಳ್ಳೆಯದು. ಅದೇ ಸೈಕಲ್ಲಿನಲ್ಲಿ ಸವಾರ, ಸಾಮಾನು ಎಲ್ಲ ಸೇರಿ 100 ಕಿಲೋ ಭಾರವನ್ನು, ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಹತ್ತಿಸಬೇಕಾದರೆ ಪೆಡಲ್ ಮೇಲೆ ಸರಾಸರಿ 30 ಕಿಲೋದಷ್ಟು ಒತ್ತಡ ಬೇಕು. ಇದು ಏರಿಕೆಯ ಲೆಕ್ಕ ಮಾತ್ರ. ಗಾಳಿ, ರಸ್ತೆಯ ತಡೆ ಬೇರೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದ ಗೇರ್ ಇಲ್ಲದ ಸೈಕಲ್ ಓಡಿಸಿದವರಿಗೆ ಏರು ಬಂದಾಗ ಇಳಿದು ತಳ್ಳಿದ ನೆನಪಿರುತ್ತದೆ. ತೊಡೆಯಲ್ಲಿ ತ್ರಾಣ ಇರಲಿಲ್ಲವೆಂದಲ್ಲ, ತುತ್ತು ದೊಡ್ಡದಾಗಿತ್ತು.

ಈಗ ತಮ್ಮನ 21 ಗೇರ್ ಸೈಕಲ್. ಮುಂದೆ 42, 34, 24 ಹಲ್ಲಿನ ಮೂರು ಚಕ್ರ. ಹಿಂದೆ 14ರಿಂದ 28ರವರೆಗೆ ಏಳು. ಗಾಲಿ ಸುತ್ತಳತೆ 2.15 ಮೀಟರ್. ಅತಿ ಹಗುರ ಗೇರಿನಲ್ಲಿ, ಅಂದರೆ ಮುಂದೆ 24, ಹಿಂದೆ 28 ಇದ್ದಾಗ, ಒಂದು ಸುತ್ತಿಗೆ 1.84 ಮೀಟರ್. ಅದೇ ಏರಿನಲ್ಲಿ ಪೆಡಲ್ ಮೇಲೆ ಸರಾಸರಿ 10 ಕಿಲೋ ಸಾಕು.

ರೇಸಿನ ರೀತಿಯ 27 ಗೇರ್ ಸೈಕಲ್ಲುಗಳಲ್ಲಿ ಮುಂದಿನ ಸಣ್ಣ ಚಕ್ರ 30 ಹಲ್ಲಿನದು, ಹಿಂದಿನ ದೊಡ್ಡದು 27 ಹಲ್ಲಿನದು ಇರುವುದುಂಟು. ಲೆಕ್ಕ ಹಾಕಿ: ಸುಮಾರು 2.4 ಮೀಟರ್. ಆರು ಗೇರ್ ಹೆಚ್ಚಿದ್ದರೂ ಘಾಟಿನಲ್ಲಿ ಅದು ತಮ್ಮನ ಸೈಕಲ್ಲಿಗಿಂತ ಭಾರ. ಇನ್ನೊಂದು ತಮಾಷೆ ಎಂದರೆ 21 ಗೇರಿನಲ್ಲಿ 21 ಬೇರೆ ಬೇರೆ ಗೇರ್ ಇರುವುದೇ ಇಲ್ಲ. ಮುಂದೆ 42 ಹಿಂದೆ 28 ಹಾಕಿದರೂ, ಮುಂದೆ 24 ಹಿಂದೆ 16 ಹಾಕಿದರೂ ಉತ್ತರ ಒಂದೇ, ಒಂದೂವರೆ.

ಘಾಟಿಗೆ ಬೇಕಾದದ್ದು ಹಿಂದೆ ಇನ್ನೂ ದೊಡ್ಡದೊಂದು ಹಲ್ಲುಚಕ್ರ. 7 ಸ್ಪೀಡ್‌ನಲ್ಲೇ 14-34 ಫ್ರೀವೀಲ್ ಸಿಗುತ್ತದೆ. ಶಿಮಾನೋದ 14-28ರಲ್ಲಿ 14, 16, 18, 20, 22, 24, 28 ಹಲ್ಲುಗಳಿದ್ದರೆ 14-34ರಲ್ಲಿ 14, 16, 18, 20, 22, 24, 34. ಬದಲಾಗುವುದು ಕೊನೆಯದೊಂದೇ. ಆ ಒಂದರಿಂದ ತುತ್ತು 1.84ರಿಂದ 1.52 ಮೀಟರಿಗೆ ಇಳಿಯುತ್ತದೆ, ಹತ್ತು ಕಿಲೋ ಒತ್ತಡ ಎಂಟೂವರೆಗೆ ಬರುತ್ತದೆ. ಕಡಿಮೆ ಅನಿಸಬಹುದು. ಆದರೆ ಚೋರ್ಲಾದಲ್ಲಿ ಹೋಗುವಾಗ ಇಳಿಜಾರು, ಏರುವುದು ವಾಪಸ್ ಬರುವಾಗ. ದಣಿದ ಕಾಲಿನಲ್ಲಿ ಸತ್ತರಿ ಕಡೆಯಿಂದ ಸುಮಾರು 700 ಮೀಟರ್ ಎತ್ತರ ಹತ್ತಬೇಕು. ಸಾವಿರಾರು ಸುತ್ತು ತುಳಿಯುವವನಿಗೆ ಪ್ರತಿ ಸುತ್ತಿಗೆ ಒಂದೂವರೆ ಕಿಲೋ ಉಳಿದರೆ ಅದು ಮೊಣಕಾಲಿಗೆ ಗೊತ್ತಾಗುತ್ತದೆ.

ಗಾಲಿಗೆ ಯಾಕೆ ಕೂಡಲಿಲ್ಲ?

ಹಿಂದಿನ ಹಲ್ಲುಚಕ್ರಗಳ ಗುಂಪು ಎರಡು ಬಗೆ. ಫ್ರೀವೀಲ್ ಎಂದರೆ ಬಾಟಲಿ ಮುಚ್ಚಳದಂತೆ ಹಬ್ಬಿನ ಮೇಲೆ ತಿರುವಿ ಕೂರಿಸುವಂಥದ್ದು. ಕಟ ಕಟ ಎನ್ನುವ ಯಂತ್ರ ಅದರೊಳಗೇ ಇರುತ್ತದೆ. ಕ್ಯಾಸೆಟ್ ಎಂದರೆ ಗೀರುಗಳಿರುವ ಹಬ್ಬಿನ ಮೇಲೆ ಜಾರಿಸಿ ಕೂರಿಸುವಂಥದ್ದು; ಅಲ್ಲಿ ಆ ಯಂತ್ರ ಹಬ್ಬಿನಲ್ಲಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂಡುವುದಿಲ್ಲ. ಕಡಿಮೆ ಬೆಲೆಯ ಬಹುತೇಕ 21 ಗೇರ್ ಸೈಕಲ್ಲುಗಳದ್ದು ಫ್ರೀವೀಲ್. ತಮ್ಮ ತರಿಸಿದ್ದು ಕ್ಯಾಸೆಟ್. ಅದು ಕೂಡಬೇಕಾದರೆ ಹಬ್ ಬದಲಿಸಿ ಹಿಂದಿನ ಗಾಲಿಯನ್ನೇ ಹೊಸದಾಗಿ ಕಟ್ಟಿಸಬೇಕು. ಫಾರ್ವರ್ಡ್ ಬರೆದವರು ಈ ಖರ್ಚಿನ ಮಾತೇ ಎತ್ತಿಲ್ಲ.

ಒಂದೇ ಕಂಪನಿಯಾದರೆ ಸಾಕೇ?

ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಹ್ಯಾಂಡಲ್ ಮೇಲಿನ ಶಿಫ್ಟರ್ ಒಂದು ಕ್ಲಿಕ್ ಅಂದಾಗ ನಿಗದಿತ ಉದ್ದದ ವಯರ್ ಎಳೆಯುತ್ತದೆ. ಹಿಂದಿನ ಡಿರೇಲರ್ ಆ ಎಳೆತವನ್ನು ಇಂತಿಷ್ಟು ಪಟ್ಟು ಮಾಡಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಸರಿದ ದೂರ ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ಇರುವ ಅಂತರಕ್ಕೆ ಸರಿಹೊಂದಬೇಕು.

ಶಿಮಾನೋ 7 ಸ್ಪೀಡ್ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.9 ಮಿಲಿಮೀಟರ್ ವಯರ್ ಎಳೆಯುತ್ತದೆ. ಅವರ 7, 8, 9 ಸ್ಪೀಡ್ ಡಿರೇಲರ್‌ಗಳು ಅದನ್ನು 1.7 ಪಟ್ಟು ಮಾಡುತ್ತವೆ. ಗುಣಿಸಿದರೆ ಹತ್ತಿರ ಹತ್ತಿರ 5 ಮಿಲಿಮೀಟರ್. 7 ಸ್ಪೀಡ್ ಹಲ್ಲುಚಕ್ರಗಳ ಅಂತರವೂ 5 ಮಿಲಿಮೀಟರ್. ಆಯಿತು, ಕೂಡಿತು.

ಅದೇ ಶಿಫ್ಟರನ್ನು 9 ಸ್ಪೀಡ್ ಕ್ಯಾಸೆಟ್‌ಗೆ ಜೋಡಿಸಿ ನೋಡಿ. ಅಲ್ಲಿ ಅಂತರ 4.35 ಮಿಲಿಮೀಟರ್ ಮಾತ್ರ. ಒಂದು ಕ್ಲಿಕ್ಕಿಗೆ 0.65 ಹೆಚ್ಚಾಯಿತು. ಮೂರು ಕ್ಲಿಕ್ ಆಗುವಷ್ಟರಲ್ಲಿ ಎರಡು ಮಿಲಿಮೀಟರ್ ತಪ್ಪಿ, ಚೈನು ಎರಡು ಚಕ್ರಗಳ ನಡುವೆ ಕರಕರ ಎನ್ನುತ್ತದೆ. ಶಿಮಾನೋದ್ದೇ 10 ಸ್ಪೀಡ್ ಮೌಂಟನ್ ಬೈಕ್ ಡಿರೇಲರ್ ಹಾಕಿದರಂತೂ ಇನ್ನೂ ಕಷ್ಟ; ಅದು 1.2 ಪಟ್ಟು ಮಾತ್ರ ಮಾಡುತ್ತದೆ. 5 ಬೇಕಾದಲ್ಲಿ ಮೂರೂವರೆ ಸರಿಯುತ್ತದೆ. ಕಂಪನಿ ಒಂದೇ, ಹೆಸರು ಒಂದೇ, ಆದರೂ ಕೂಡದು. ಇನ್ನೊಂದು ಕಡೆ ಮೈಕ್ರೋಶಿಫ್ಟ್ ಎಂಬ ಬೇರೆಯೇ ಕಂಪನಿಯ 7, 8, 9 ಸ್ಪೀಡ್ ಶಿಫ್ಟರ್‌ಗಳು ಶಿಮಾನೋ ಅಳತೆಗೇ ಮಾಡಿದವು, ಅವು ಕೂಡುತ್ತವೆ.

ಹಳೆಯ ಸೈಕಲ್ಲುಗಳ ಮೇಲಿನ ಬಿಎಸ್‌ಎ ಅಕ್ಷರಗಳೂ ಇದನ್ನೇ ಹೇಳುತ್ತವೆ. ಅದರ ಪೂರ್ಣ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬಂದೂಕು ಮಾಡಲು ಶುರುವಾದ ಕಂಪನಿ. ಪೆಡಲಿನ ಅಚ್ಚು ಕೂರುವ ಜಾಗದ ಎಳೆಗೆ ಇಂದಿಗೂ ಬಿಎಸ್‌ಎ ಎಳೆ ಎಂದೇ ಹೆಸರು. ಯಾರೋ ಒಬ್ಬರ ಅಳತೆಯನ್ನು ಜಗತ್ತೇ ಬಳಸುತ್ತದೆ. ಕೂಡುವುದು ಅಳತೆ, ಹೆಸರಲ್ಲ.

ಇಷ್ಟೆಲ್ಲ ಲೆಕ್ಕ ಬೇಡ ಎನ್ನುವವರಿಗೆ ಹಳೆಯ ಉಪಾಯವೊಂದಿದೆ: ಕ್ಲಿಕ್ ಇಲ್ಲದ ಶಿಫ್ಟರ್. ಬೆರಳಲ್ಲಿ ನೂಕಿ, ಚೈನು ಸರಿಯಾಗಿ ಕೂತ ಸದ್ದು ಕೇಳಿ ನಿಲ್ಲಿಸುವುದು. ಅದಕ್ಕೆ 7, 8, 9 ಎಂಬ ಭೇದವೇ ಇಲ್ಲ. ಅಗ್ಗವೂ ಹೌದು. ದೂರದ ಪ್ರವಾಸದಲ್ಲಿ ಡಿರೇಲರ್ ಸ್ವಲ್ಪ ಬಾಗಿದರೂ ಅದು ಕೆಲಸ ಮಾಡುತ್ತದೆ. ನನಗಂತೂ ಅದರ ಮೇಲೇ ಒಲವು, ತಮ್ಮನಿಗೆ ಕ್ಲಿಕ್ ಬೇಕಂತೆ.

ತರಿಸಿದ್ದರಲ್ಲಿ ಒಂದು ದಂಡ, ಒಂದು ಉಪಯೋಗ

ಮೇಲಿನ ಲೆಕ್ಕದಲ್ಲೇ ತಮ್ಮನಿಗೆ ಸಮಾಧಾನದ ಸುದ್ದಿಯೂ ಇತ್ತು. ಅವನ 9 ಸ್ಪೀಡ್ ಶಿಮಾನೋ ಡಿರೇಲರ್ 1.7 ಪಟ್ಟಿನದ್ದು, ಅಂದರೆ ಅವನ 7 ಸ್ಪೀಡ್ ಶಿಫ್ಟರ್ ಜೊತೆ ಹಾಗೇ ಕೆಲಸ ಮಾಡುತ್ತದೆ. ಡಿರೇಲರ್‌ಗೆ ಹಿಂದೆ ಎಷ್ಟು ಚಕ್ರ ಇವೆ ಎಂದು ಗೊತ್ತಿರುವುದಿಲ್ಲ. ಕ್ಲಿಕ್ ಎಣಿಸುವುದು ಶಿಫ್ಟರ್.

ಡಿರೇಲರ್‌ನಲ್ಲಿ ನೋಡಬೇಕಾದದ್ದು ಬೇರೆ ಎರಡು. ಅದು ಗರಿಷ್ಠ ಎಷ್ಟು ಹಲ್ಲಿನ ಚಕ್ರ ತಾಳುತ್ತದೆ ಎಂಬುದು ಒಂದು. ಕೆಲವು ಅಗ್ಗದವು 28ಕ್ಕೇ ನಿಲ್ಲುತ್ತವೆ, ಅಂಥದ್ದಕ್ಕೆ 34 ಹಾಕಬಾರದು. ಎಷ್ಟು ಸಡಿಲ ಚೈನನ್ನು ಎಳೆದು ಹಿಡಿಯುತ್ತದೆ ಎಂಬುದು ಇನ್ನೊಂದು. ಮುಂದಿನ ದೊಡ್ಡ, ಸಣ್ಣ ಚಕ್ರಗಳ ವ್ಯತ್ಯಾಸ 42-24, ಅಂದರೆ 18. ಹಿಂದಿನದು 34-14, ಅಂದರೆ 20. ಒಟ್ಟು 38. ಡಿರೇಲರ್‌ನ ವಿವರದಲ್ಲಿ ಬರೆದ ಸಾಮರ್ಥ್ಯ 38 ಅಥವಾ ಹೆಚ್ಚಿರಬೇಕು. ತಮ್ಮನದು ಉದ್ದ ಪಂಜರದ್ದು, ಎರಡಕ್ಕೂ ಸಾಕಾಯಿತು.

ಹಾಗಾಗಿ ಉಳಿದ ಹಣದಲ್ಲಿ ಬೇಕಾದದ್ದು ಎರಡೇ: 14-34 ಫ್ರೀವೀಲ್ ಮತ್ತು ಹೊಸ ಚೈನು. 6, 7, 8 ಸ್ಪೀಡ್ ಎಂದು ಬರೆದ ಚೈನು ತಗೊಳ್ಳಬೇಕು. 10, 11 ಸ್ಪೀಡಿನವು ಸಪೂರ, ಬೆಲೆಯೂ ಹೆಚ್ಚು.

ಹಳೆಯ ಚೈನೇ ಇರಲಿ ಎನ್ನುವವರು ಇದನ್ನು ಗಮನವಿಟ್ಟು ಓದಿ. ಹಿಂದೆ ಆರು ಹಲ್ಲು ಹೆಚ್ಚಿದರೆ ಚೈನು ಸುಮಾರು ಒಂದೂವರೆ ಇಂಚು ಉದ್ದ ಬೇಕಾಗುತ್ತದೆ. ಹಳೆಯ ಅಳತೆಯ ಚೈನಿನಲ್ಲಿ ಮರೆತು ಮುಂದೆ ದೊಡ್ಡದು, ಹಿಂದೆ ದೊಡ್ಡದು ಹಾಕಿದರೆ ಚೈನು ಬಿಗಿದು ಡಿರೇಲರನ್ನೇ ಕಿತ್ತುಕೊಂಡು ಹೋಗಬಹುದು. ಅದು ಗಾಲಿಯ ಕಡ್ಡಿಗಳಿಗೆ ಸಿಕ್ಕರೆ ಸವಾರನೂ ಬೀಳುತ್ತಾನೆ. ಸರಿಯಾದ ಅಳತೆ ಹೀಗೆ: ಡಿರೇಲರ್ ಒಳಗೆ ಹಾಯಿಸದೆ ಚೈನನ್ನು ಮುಂದಿನ ಅತಿ ದೊಡ್ಡ, ಹಿಂದಿನ ಅತಿ ದೊಡ್ಡ ಚಕ್ರಗಳ ಸುತ್ತ ಹಾಕಿ. ಎರಡು ತುದಿ ಸೇರುವಲ್ಲಿಂದ ಒಂದು ಇಂಚು, ಅಂದರೆ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ.

ಸವೆತ ನೋಡಲು ಶಾಲೆಯ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24ನೇ ಕೊಂಡಿಯ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಿ. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನು ಅವುಗಳ ಮೇಲೆ ಜಾರುತ್ತದೆ.

ಹಿಂದಿನ ಅಚ್ಚಿನ ಚಿಂತೆ

ಫ್ರೀವೀಲ್ ಹಬ್ಬಿನಲ್ಲಿ ಒಂದು ನಿಜವಾದ ದೌರ್ಬಲ್ಯವಿದೆ, ಅದನ್ನು ಮುಚ್ಚಿಡಬಾರದು. ಏಳು ಚಕ್ರಗಳು ಬಲಬದಿಯ ಜಾಗ ತಿನ್ನುವುದರಿಂದ ಆ ಕಡೆಯ ಬೇರಿಂಗ್ ಒಳಗೆ ಉಳಿಯುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಅಚ್ಚಿಗೆ ಆಧಾರವೇ ಇಲ್ಲ. ಹಿಂದಿನ ಕ್ಯಾರಿಯರ್ ಮೇಲೆ ಭಾರ ಹೇರಿ ಗುಂಡಿ ಬಿದ್ದ ರಸ್ತೆಯಲ್ಲಿ ಓಡಿಸಿದರೆ ಅಚ್ಚು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಇರುವುದರಿಂದ ಈ ತೊಂದರೆ ಕಡಿಮೆ. ಕ್ಯಾಸೆಟ್ ಗಾಲಿ ಕಟ್ಟಿಸಲು ಒಳ್ಳೆಯ ಕಾರಣ ಇದು, 27 ಗೇರ್ ಅಲ್ಲ.

ಗಾಲಿ ಬಿಚ್ಚಿದಾಗ ಅಚ್ಚನ್ನು ಬೆರಳಲ್ಲಿ ತಿರುಗಿಸಿ ನೋಡಿ. ತುದಿ ಓಲಾಡಿದರೆ ಬಾಗಿದೆ ಎಂದರ್ಥ. ಒಮ್ಮೆ ಬಾಗಿದ ಹಬ್ಬಿಗೆ ಮತ್ತೆ ಮತ್ತೆ ಅಚ್ಚು ಹಾಕಿಸುವ ಬದಲು ಆಗ ದುಡ್ಡು ಕೂಡಿಸಿ ಕ್ಯಾಸೆಟ್ ಹಬ್ಬಿಗೆ ಹೋಗುವುದು ಲಾಭ. ಆಗ 8 ಸ್ಪೀಡ್ ಶಿಫ್ಟರ್, 8 ಸ್ಪೀಡ್ ಕ್ಯಾಸೆಟ್ ತಗೊಂಡರೆ ಡಿರೇಲರೂ ಚೈನೂ ಇದ್ದವೇ ನಡೆಯುತ್ತವೆ. ಫ್ರೇಮಿನ ಹಿಂದಿನ ಕಾಲುಗಳ ನಡುವಿನ ಅಂತರ ಅಳೆದುಕೊಂಡೇ ಹಬ್ ಕೊಳ್ಳಿ. 130 ಮತ್ತು 135 ಮಿಲಿಮೀಟರ್ ಎರಡೂ ಇವೆ.

ತಮ್ಮನ ಅಚ್ಚು ಸದ್ಯ ನೆಟ್ಟಗಿದೆ. ಭಾರದ ಚೀಲವೊಂದನ್ನು ಮುಂದಕ್ಕೆ ಕಟ್ಟು ಎಂದಿದ್ದೇನೆ. ಫ್ರೀವೀಲ್ ಬಿಚ್ಚುವ ಹಲ್ಲಿನ ಪಾನಾ ಊರಲ್ಲಿ ಸಿಗದೆ ಗೋಕಾಕದ ಅಂಗಡಿಗೆ ಗಾಲಿ ಹೊತ್ತುಕೊಂಡು ಹೋದ. ವರ್ಷಗಟ್ಟಲೆ ತುಳಿದು ಬಿಗಿಯಾಗಿದ್ದ ಫ್ರೀವೀಲ್ ಬಿಚ್ಚಲು ಇಬ್ಬರು ಬೇಕಾದರಂತೆ. ಹೊಸದು ಹಾಕಿಸಿಕೊಂಡು, ಚೀಲದಲ್ಲಿ ಹದಿನೈದು ಕಿಲೋ ಜೋಳ ತುಂಬಿಕೊಂಡು ಗೋಕಾಕ ಫಾಲ್ಸ್ ಕಡೆಯ ಏರು ಹತ್ತಿ ನೋಡಿದ್ದಾನೆ. "ಅಕ್ಕಾ, ಇಳೀಲಿಲ್ಲ, ಕುಂತೇ ಹತ್ತಿದೆ" ಎಂದ. ಬೇಡವಾದ 9 ಸ್ಪೀಡ್ ಕ್ಯಾಸೆಟ್ ಇನ್ನೂ ಡಬ್ಬಿಯಲ್ಲೇ ಇದೆ, ಕೊಳ್ಳುವವರನ್ನು ಹುಡುಕುತ್ತಿದ್ದಾನೆ. ಚೋರ್ಲಾಕ್ಕೆ ಮಳೆ ನಿಂತ ಮೇಲೆ.