ಚಳಿಹೊಳೆಯ ಟ್ರೌಟ್ ಮೀನು

ಮಕ್ಕಳೇ, ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೆಯಲ್ಲಿ ಮೀನು ಹಿಡಿಯುವುದನ್ನು ನೀವು ನೋಡಿರಬಹುದು. ಗಾಳ ಹಾಕಿ ಕುಳಿತರೆ ಸಾಕು, ಮೀನು ತಾನಾಗಿ ಬಂದು ಕಚ್ಚುತ್ತದೆ ಎಂದು ತಿಳಿದಿರಾ? ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಮಾರ್ಚ್ ತಿಂಗಳಲ್ಲಿ ಹಾಗೆ ಕುಳಿತವರು ಬರಿಗೈಯಲ್ಲಿ ಮನೆಗೆ ಹೋಗಬೇಕಾದೀತು!

ಅಲ್ಲಿ ಯಾರ್ಕ್‌ಷೈರ್ ಎಂಬ ಸೀಮೆಯಿದೆ. ವಾರ್ಫ್, ಯೂರ್, ಸ್ವೇಲ್ ಎಂಬ ಹೊಳೆಗಳು ಪೆನೈನ್ ಬೆಟ್ಟಗಳಲ್ಲಿ ಹುಟ್ಟಿ, ಕಲ್ಲುಗಳ ನಡುವೆ ಹರಿದು ಬರುತ್ತವೆ. ಮೈಮೇಲೆ ಕಪ್ಪು, ಕೆಂಪು ಚುಕ್ಕೆಗಳಿರುವ ಕಂದು ಟ್ರೌಟ್ ಮೀನು ಇವುಗಳಲ್ಲಿ ವಾಸಿಸುತ್ತದೆ. ಇದರ ನೆಂಟನಾದ ಕಾಮನಬಿಲ್ಲು ಟ್ರೌಟ್ ಮೀನನ್ನು ಬ್ರಿಟಿಷರು ನೂರು ವರ್ಷಗಳಿಗೂ ಹಿಂದೆ ನಮ್ಮ ನೀಲಗಿರಿಯ ತಣ್ಣನೆಯ ಹೊಳೆಗಳಿಗೆ ತಂದು ಬಿಟ್ಟರು.

ನಮಗೆ ಮಾರ್ಚ್ ಎಂದರೆ ಸುಡುಬಿಸಿಲು. ಅಲ್ಲಿ ಆಗಷ್ಟೇ ಚಳಿಗಾಲ ಮುಗಿಯುತ್ತಿರುತ್ತದೆ. ಹೊಳೆಯ ನೀರಿಗೆ ಕೈಯಿಟ್ಟರೆ ಬೆರಳು ಮರಗಟ್ಟುತ್ತದೆ. ಚಳಿಯ ಬೆಳಿಗ್ಗೆ ಬೇಲಿಯ ಮೇಲಿನ ಓತಿಕೇತ ಅಲುಗಾಡದೆ ಕೂತಿರುತ್ತದೆಯಲ್ಲವೇ? ಮೀನೂ ಹಾಗೆಯೇ. ಅದರ ಮೈಯ ಬಿಸಿ ನೀರಿನ ಬಿಸಿಯಷ್ಟೇ ಇರುತ್ತದೆ. ನೀರು ತಣ್ಣಗಿದ್ದರೆ ಅದಕ್ಕೆ ಹಸಿವೂ ಕಡಿಮೆ, ಓಡಾಟವೂ ಕಡಿಮೆ. ರಭಸದ ನೀರನ್ನು ಬಿಟ್ಟು, ಕಲ್ಲಿನ ಮರೆಯಲ್ಲೋ ದಡದ ಬಳಿಯ ನಿಧಾನವಾದ ನೀರಿನಲ್ಲೋ ತಳ ಹಿಡಿದು ನಿಲ್ಲುತ್ತದೆ.

ಆದುದರಿಂದ ತಿಳಿದವರು ನಸುಕಿನಲ್ಲೇ ಏಳುವುದಿಲ್ಲ. ನಿಧಾನವಾಗಿ ತಿಂಡಿ ತಿಂದು ಹೊರಡುತ್ತಾರೆ! ಮಧ್ಯಾಹ್ನದ ಹೊತ್ತಿಗೆ ನೀರು ತುಸು ಬೆಚ್ಚಗಾಗುತ್ತದೆ. ಆಗ ಒಂದು ಸೋಜಿಗ ನಡೆಯುತ್ತದೆ. ತಿಂಗಳುಗಟ್ಟಲೆ ಕಲ್ಲುಗಳ ಕೆಳಗೆ ಬೆಳೆದ ಆಲಿವ್ ಎಂಬ ಸಣ್ಣ ಹುಳುಗಳು ಮೇಲಕ್ಕೆ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚುತ್ತವೆ. ರೆಕ್ಕೆ ಗಟ್ಟಿಯಾಗುವವರೆಗೆ ನೀರಿನ ಮೇಲೆ ಪುಟ್ಟ ದೋಣಿಗಳಂತೆ ತೇಲುತ್ತವೆ. ಹಸಿದ ಟ್ರೌಟ್‌ಗೆ ಅದೇ ಊಟದ ಗಂಟೆ! ಒಂದೆರಡು ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ.

ಹಾಗಾದರೆ ಒಳ್ಳೆಯ ಬಿಸಿಲಿದ್ದರೆ ಇನ್ನೂ ಅನುಕೂಲವಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಬೆಟ್ಟದ ಮೇಲೆ ಇನ್ನೂ ಹಿಮ ಉಳಿದಿದ್ದರೆ ಬಿಸಿಲಿಗೆ ಅದು ಕರಗಿ ಹೊಳೆಗೆ ಇಳಿಯುತ್ತದೆ. ಬಿಸಿಲು ಏರಿದಂತೆ ನೀರು ಮತ್ತಷ್ಟು ತಣ್ಣಗಾಗುತ್ತದೆ! ಮೀನು ತಳ ಬಿಟ್ಟು ಏಳುವುದಿಲ್ಲ. ಮೋಡ ಕವಿದ, ಗಾಳಿಯಿಲ್ಲದ, ಮೆದು ಬೆಚ್ಚಗಿನ ದಿನವೇ ಮೇಲು. ಅಂತಹ ದಿನ ಹುಳುವಿನ ರೆಕ್ಕೆ ಬೇಗ ಒಣಗದು. ಅದು ನೀರಿನ ಮೇಲೆ ಹೆಚ್ಚು ಹೊತ್ತು ಇರುತ್ತದೆ.

ಇವರ ಗಾಳದಲ್ಲಿ ಎರೆಹುಳುವಿಲ್ಲ. ಕೊಕ್ಕೆಗೆ ರೇಷ್ಮೆ ದಾರ ಸುತ್ತಿ, ಗೌಜಲಹಕ್ಕಿಯ ಗರಿ ಕಟ್ಟಿ, ಹುಳುವಿನಂತೆಯೇ ಕಾಣುವ ಸುಳ್ಳು ಹುಳು ಮಾಡುತ್ತಾರೆ. ನೀರು ತಣ್ಣಗಿರುವಾಗ ಅದನ್ನು ಆಳಕ್ಕೆ ಇಳಿಬಿಡುತ್ತಾರೆ, ಹುಳು ತೇಲುವ ಹೊತ್ತಿನಲ್ಲಿ ಮೇಲ್ಗಡೆ ಬಿಡುತ್ತಾರೆ. ಟ್ರೌಟ್ ಸದಾ ನೀರು ಬರುವ ದಿಕ್ಕಿಗೆ ಮುಖಮಾಡಿ ನಿಲ್ಲುತ್ತದೆ. ಅದಕ್ಕೆ ಕಾಣಿಸದಂತೆ ಹಿಂದಿನಿಂದ, ಅಂದರೆ ಹೊಳೆಯ ಕೆಳಗಿನಿಂದ, ಸದ್ದಿಲ್ಲದೆ ಸಾಗಬೇಕು.

ಯಾರ್ಕ್‌ಷೈರ್ ಹೊಳೆಗಳಲ್ಲಿ ಅಕ್ಟೋಬರ್ 1ರಿಂದ ಮಾರ್ಚ್ 24ರವರೆಗೆ ಕಂದು ಟ್ರೌಟ್ ಹಿಡಿಯುವಂತಿಲ್ಲ. ಚಳಿಗಾಲದಲ್ಲಿ ಅದು ನುರುಜುಗಲ್ಲಿನ ನಡುವೆ ಮೊಟ್ಟೆಯಿಡುತ್ತದೆ. ಮಾರ್ಚ್ ಕೊನೆಯಲ್ಲೂ ಕೆಲವು ಮೀನುಗಳು ಸೊರಗಿ, ತಲೆಯೇ ದೊಡ್ಡದಾಗಿ ಕಾಣುತ್ತಿರುತ್ತವೆ. ಅಂತಹವು ಗಾಳಕ್ಕೆ ಸಿಕ್ಕಿದರೆ ಒಳ್ಳೆಯ ಬೇಟೆಗಾರರು ಮನೆಗೆ ಒಯ್ಯುವುದಿಲ್ಲ. ಮೊದಲು ತಮ್ಮ ಕೈಯನ್ನು ನೀರಿನಲ್ಲಿ ಒದ್ದೆ ಮಾಡಿಕೊಳ್ಳುತ್ತಾರೆ. ಒಣಗೈಯಿಂದ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬಂದು ಅದಕ್ಕೆ ರೋಗ ತಗಲೀತು. ಬಳಿಕ ಕೊಕ್ಕೆ ಬಿಡಿಸಿ, ಅದು ತಾನಾಗಿ ಈಜುವವರೆಗೆ ನೀರಿನಲ್ಲಿ ಮೆಲ್ಲಗೆ ಹಿಡಿದುಕೊಂಡಿದ್ದು ಬಿಟ್ಟುಬಿಡುತ್ತಾರೆ.